ತುಕ್ಕಿನ ಬೆಲೆ, ತಗಡಿನ ತೂಕ

ಬಾಗಲಕೋಟೆ ತಾಲೂಕಿನ ಬೇವೂರಿನಲ್ಲಿ ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನಾವು ಮೋಡಕಾ ಗಾಡಿಯೊಂದರ ಪಕ್ಕ ನಿಂತಿದ್ದೆವು. ದಕ್ಷಿಣದವರು ಗುಜರಿ ಎನ್ನುವುದನ್ನು ಈ ಸೀಮೆಯಲ್ಲಿ ಮೋಡಕಾ ಎನ್ನುತ್ತಾರೆ. ಗಾಡಿಯವರು ವಯಸ್ಸಾದ ಮುಸ್ಲಿಮರು. ಒಬ್ಬ ಹೆಣ್ಣುಮಗಳು ಒಳಗಿನಿಂದ ಮುರಿದ ಕುಡಗೋಲು, ತಳ ಹೋದ ಬಕೆಟ್ಟು, ಎರಡು ಎಣ್ಣೆ ಡಬ್ಬಿ ತಂದು ಸುರಿದರು. ಅವುಗಳ ಜೊತೆಗೆ ತಗಡಿನ ಒಂದು ಆಟಿಕೆ ಮೋಟಾರೂ ಬಿತ್ತು. ಒಂದು ಕಾಲಕ್ಕೆ ಕೆಂಪು ಬಣ್ಣದ್ದಿರಬೇಕು. ಅಂಚುಗಳೆಲ್ಲ ತುಕ್ಕು ತಿಂದು ಕಂದಾಗಿದ್ದವು. ಚಾವಿ ಇತ್ತು, ಒಳಗಿನ ಸ್ಪ್ರಿಂಗು ಇರಲಿಲ್ಲ.

'ಕಾಕಾ, ಇದಕ್ಕೇನ ಕೊಡ್ತೀರಿ?' ಎಂದು ಆಕೆ ಕೇಳಿದರು.

'ತಗಡಿಗೆ ಏನ್ ತೂಕ ಇರ್ತೈತ್ರೀ ಅಕ್ಕಾರ? ಇರಲಿ, ತರ್ರಿ' ಎಂದು ಗಾಡಿಯವರು ಅದನ್ನು ತಕ್ಕಡಿಗೆ ಹಾಕದೆ ಪಕ್ಕಕ್ಕಿಟ್ಟರು. ಬಾಗಿಲಲ್ಲಿ ನಿಂತಿದ್ದ ಮಗುವಿನ ಕೈಗೆ ಒಂದು ಹಿಡಿ ಪುಟಾಣಿ ಹಾಕಿದರು. ಲೆಕ್ಕ ಮುಗಿಯಿತು.

ಇದನ್ನು ಇಲ್ಲಿ ನೆನೆಯಲು ಕಾರಣವಿದೆ. ತುಕ್ಕು ಹಿಡಿದ ತಗಡಿನ ಆಟಿಕೆಗಳನ್ನು, ಅದರಲ್ಲೂ ತಗಡಿನ ರೋಬೋಗಳನ್ನು, ಸಂಗ್ರಹಿಸುವುದು ಇಂದು ಜಗತ್ತಿನ ಹಲವೆಡೆ ಹಬ್ಬಿರುವ ಹವ್ಯಾಸ. ಟೋಕಿಯೋ, ನ್ಯೂಯಾರ್ಕ್, ಲಂಡನ್ನುಗಳಲ್ಲಿ ಹುಟ್ಟಿದ ಈ ಅಭಿರುಚಿ ನಮ್ಮ ದೊಡ್ಡ ನಗರಗಳಿಗೂ ಬಂದಿದೆ. ಹಳೆಯ ಎನಾಮಲ್ ಬೋರ್ಡು, ಬಿಸ್ಕತ್ತಿನ ಡಬ್ಬಿ, ಕಂದೀಲು, ಟ್ರಂಕುಗಳನ್ನು ಹೋಟೆಲಿನ ಗೋಡೆಗೆ ತೂಗುಹಾಕುವವರು ಬೆಂಗಳೂರಿನಲ್ಲಿ ಹೇರಳವಾಗಿದ್ದಾರೆ. ಅವರಿಗೆ ತುಕ್ಕು ದೋಷವಲ್ಲ, ಗುಣ. ಬೇವೂರಿನ ಓಣಿಯಲ್ಲಿ ಒಂದು ಹಿಡಿ ಪುಟಾಣಿಗೆ ಹೋಗುವ ತುಕ್ಕು ಅಲ್ಲಿ ಸಾವಿರಗಳ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಬೆಲೆಯ ಈ ಅಂತರವನ್ನು ಮಾರುಕಟ್ಟೆಯ ಚಮತ್ಕಾರ ಎಂದು ಕೈಬಿಡಬಹುದಿತ್ತು. ಆದರೆ ಒಂದು ವಸ್ತುವನ್ನು ನೋಡುವ ಎರಡು ಬಗೆಗಳು, ಆ ವಸ್ತುವನ್ನು ಮಾಡಿದ ಮತ್ತು ಮುಟ್ಟಿದ ಜನರನ್ನು ನೋಡುವ ಎರಡು ಬಗೆಗಳೂ ಆಗಿರುತ್ತವೆ. ಹಾಗಾಗಿ ಈ ಅಭಿರುಚಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕೆನಿಸುತ್ತದೆ.

ಮೊದಲು ಈ ರೋಬೋಗಳ ಚರಿತ್ರೆ. ತಗಡಿನ ಆಟಿಕೆಗಳು ಹತ್ತೊಂಬತ್ತನೇ ಶತಮಾನದ ಜರ್ಮನಿಯ ನ್ಯೂರೆಂಬರ್ಗಿನಂಥ ಊರುಗಳಲ್ಲಿ ದೊಡ್ಡ ಉದ್ಯಮವಾಗಿ ಬೆಳೆದವು. ಚಪ್ಪಟೆ ತಗಡಿನ ಮೇಲೆ ಬಣ್ಣದ ಚಿತ್ರವನ್ನು ಅಚ್ಚು ಹಾಕಿ, ಆಮೇಲೆ ಅದನ್ನು ಒತ್ತಿ, ಬಾಗಿಸಿ, ಅಂಚಿನ ಸಣ್ಣ ನಾಲಗೆಗಳನ್ನು ತೂತಿಗೆ ತೂರಿಸಿ ಮಡಚಿದರೆ ಆಟಿಕೆ ಸಿದ್ಧ. ಎರಡನೇ ಮಹಾಯುದ್ಧದ ನಂತರ ಈ ಕಸುಬಿನ ಮುಂಚೂಣಿಗೆ ಬಂದದ್ದು ಜಪಾನ್. ಸೋತ, ಹಸಿದ, ಸುಟ್ಟುಹೋದ ಜಪಾನ್. 1945ರ ಡಿಸೆಂಬರಿನಲ್ಲಿ ಓತ್ಸು ಪಟ್ಟಣದಲ್ಲಿ ಕೊಸುಗೆ ಮಾತ್ಸುಜೋ ಎಂಬ ಆಟಿಕೆ ತಯಾರಕರು ಅಮೆರಿಕದ ಸೈನಿಕರು ತಿಂದು ಎಸೆದ ಆಹಾರದ ಡಬ್ಬಿಗಳನ್ನು ಆಯ್ದು ತಂದು, ಅದೇ ಸೈನಿಕರು ಓಡಿಸುತ್ತಿದ್ದ ಜೀಪಿನ ಆಟಿಕೆ ಮಾಡಿದರು. ಕ್ಯೋಟೋದ ಅಂಗಡಿಯಲ್ಲಿ ಅದರ ಬೆಲೆ ಹತ್ತು ಯೆನ್. ಜನ ಸಾಲು ನಿಂತು ಕೊಂಡರು. ಗೆದ್ದವನ ಎಂಜಲು ಡಬ್ಬಿಯಿಂದ ಗೆದ್ದವನ ವಾಹನವನ್ನೇ ಮಾಡಿ ಸೋತವನ ಮಗುವಿನ ಕೈಗೆ ಕೊಟ್ಟ ಆ ಕಸುಬುದಾರನ ಕೆಲಸದಲ್ಲಿ ಎಷ್ಟು ನೋವಿದೆ, ಎಷ್ಟು ಜಾಣ್ಮೆಯಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ಮೂಲತಃ ಮೋಡಕಾ ಕೆಲಸವೇ.

ಆ ನಂತರದ ವರ್ಷಗಳಲ್ಲಿ ಜಪಾನಿನಿಂದ ಹೊರಹೋಗುವ ಆಟಿಕೆಗಳ ಮೇಲೆ 'ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು' ಎಂಬ ಮುದ್ರೆ ಬೀಳುತ್ತಿತ್ತು. 1940ರ ದಶಕದ ಕೊನೆಯಲ್ಲಿ ಬಂದ 'ಅಟಾಮಿಕ್ ರೋಬೋ ಮ್ಯಾನ್' ಈ ಬಗೆಯ ಮೊದಲ ರೋಬೋಗಳಲ್ಲಿ ಒಂದು. ಅದರ ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ರೋಬೋ ಹೆಜ್ಜೆ ಹಾಕುತ್ತಿದೆ, ಹಿಂದೆ ಅಣುಬಾಂಬಿನ ಅಣಬೆ ಮೋಡ ಏಳುತ್ತಿದೆ. ಹಿರೋಷಿಮಾ, ನಾಗಸಾಕಿಗಳ ಬೂದಿ ಆರಿ ಇನ್ನೂ ಐದು ವರ್ಷವಾಗಿರಲಿಲ್ಲ. ಬಾಂಬು ಬಿದ್ದ ದೇಶದವರು ಬಾಂಬು ಹಾಕಿದ ದೇಶದ ಮಕ್ಕಳಿಗಾಗಿ ಮಾಡಿದ ಆಟಿಕೆ ಅದು. 1950, 60ರ ದಶಕಗಳಲ್ಲಿ ನೋಮುರಾ, ಮಸುದಾಯಾ, ಯೊನೆಜಾವಾ, ಹೊರಿಕಾವಾ ಕಂಪನಿಗಳು ಬಗೆಬಗೆಯ ರೋಬೋಗಳನ್ನು ಮಾಡಿ ಕಳಿಸಿದವು. ಎದೆಯ ಬಾಗಿಲು ತೆರೆದು ಗುಂಡು ಹಾರಿಸುವವು, ಕಣ್ಣು ಮಿಟುಕಿಸುವವು, ಹೊಗೆ ಬಿಡುವವು ಅವುಗಳಲ್ಲಿದ್ದವು. 1970ರ ದಶಕದ ಹೊತ್ತಿಗೆ ಪ್ಲಾಸ್ಟಿಕ್ ಬಂತು. ತಗಡಿನ ಅಂಚು ಮಕ್ಕಳ ಕೈ ಕೊಯ್ಯುತ್ತದೆ ಎಂಬ ಎಚ್ಚರವೂ ಬಂತು. ತಗಡಿನ ರೋಬೋ ಮಕ್ಕಳ ಕೈಯಿಂದ ಅಟ್ಟಕ್ಕೆ, ಅಟ್ಟದಿಂದ ಗುಜರಿಗೆ, ಗುಜರಿಯಿಂದ ಸಂಗ್ರಹಕಾರರ ಕಪಾಟಿಗೆ ಹೋಯಿತು. ಜಪಾನಿನ ಕಿತಾಹರಾ ತೆರುಹಿಸಾ ಅವರು 1986ರಲ್ಲಿ ಯೊಕೊಹಾಮಾದಲ್ಲಿ ಇವುಗಳಿಗಾಗಿಯೇ ಒಂದು ಮ್ಯೂಜಿಯಂ ತೆರೆದರು. 1997ರಲ್ಲಿ ನ್ಯೂಯಾರ್ಕಿನ ಸೋಥೆಬಿ ಹರಾಜಿನಲ್ಲಿ ಮಸುದಾಯಾದ 'ಮೆಷಿನ್ ಮ್ಯಾನ್' ಒಂದು ನಲವತ್ತು ಸಾವಿರ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು.

ಈ ಸಂಗ್ರಹಕಾರರಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡಕ್ಕೆ ಮಗು ಮುಟ್ಟದ ಆಟಿಕೆಯೇ ಶ್ರೇಷ್ಠ. ಅವರು ಒಂದರಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಪೆಟ್ಟಿಗೆಯಿಂದ ಹೊರಗೆ ಬಾರದ, ಗೀರು ಬೀಳದ ಗೊಂಬೆಗೆ ಹತ್ತು. ಆಡಿದಷ್ಟೂ ಅಂಕ ಕಡಿಮೆ. ಇನ್ನೊಂದು ಪಂಗಡ ಇದಕ್ಕೆ ತಿರುಗಿ ನಿಂತಿದೆ. ಅವರಿಗೆ ತುಕ್ಕು ಬೇಕು, ಮಾಸಿದ ಬಣ್ಣ ಬೇಕು, ಕಾಲ ಲೋಹದ ಮೇಲೆ ಬಿಟ್ಟುಹೋದ ಪದರ ಬೇಕು. ಅದನ್ನು ಅವರು 'ಪ್ಯಾಟಿನಾ' ಎನ್ನುತ್ತಾರೆ. ತುಕ್ಕನ್ನು ಉಜ್ಜಿ ತೆಗೆಯುವುದು, ಹೊಸ ಬಣ್ಣ ಬಳಿಯುವುದು ಅವರ ಪ್ರಕಾರ ಅಪರಾಧ. ಮೊದಲ ಪಂಗಡದವರ ಬಗ್ಗೆ ನಮಗೆ ಹೇಳಲು ಹೆಚ್ಚೇನೂ ಇಲ್ಲ. ಆಡದ ಆಟಿಕೆಯನ್ನು ಪೂಜಿಸುವುದು ಓದದ ಪುಸ್ತಕವನ್ನು ಜೋಡಿಸಿಟ್ಟ ಹಾಗೆ. ಎರಡನೆಯವರ ಮಾತು ಮಾತ್ರ ಗಂಭೀರವಾದದ್ದು. ಅದರಲ್ಲಿ ಒಂದು ಸತ್ಯವಿದೆ, ಒಂದು ಮರೆವೂ ಇದೆ.

ಸತ್ಯವೇನೆಂಬುದನ್ನು ತುಕ್ಕು ಹಿಡಿಯುವ ಬಗೆಯಿಂದಲೇ ತಿಳಿಯಬಹುದು. ಆಟಿಕೆಯ ತಗಡೆಂದರೆ ತೆಳುವಾದ ಕಬ್ಬಿಣದ ಹಾಳೆಗೆ ತವರದ ಲೇಪ ಕೊಟ್ಟದ್ದು. ನಮ್ಮ ಕಲಾಯಿಗಾರರು ತಾಮ್ರದ ಹಂಡೆಗೆ ಹಚ್ಚುವುದೂ ಇದೇ ತವರವನ್ನೇ. ತವರಕ್ಕೆ ತುಕ್ಕು ಹಿಡಿಯುವುದಿಲ್ಲ. ಲೇಪ ಅಖಂಡವಾಗಿರುವ ತನಕ ಒಳಗಿನ ಕಬ್ಬಿಣ ಕ್ಷೇಮ. ಆದರೆ ಒಂದು ಗೀರು ಬಿದ್ದು ಕಬ್ಬಿಣ ಹೊರಗೆ ಕಂಡರೆ ಕಥೆ ತಿರುಗುತ್ತದೆ. ಸತುವಿನ ಲೇಪವಾಗಿದ್ದರೆ, ಗೀರು ಬಿದ್ದರೂ ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ತವರ ಹಾಗೆ ಮಾಡುವುದಿಲ್ಲ. ಅದು ತನ್ನನ್ನು ಉಳಿಸಿಕೊಂಡು ಕಬ್ಬಿಣವನ್ನು ಬಿಟ್ಟುಕೊಡುತ್ತದೆ. ಲೇಪವೇ ಇಲ್ಲದ ಕಬ್ಬಿಣಕ್ಕಿಂತ ಬೇಗ ಅಲ್ಲಿ ತುಕ್ಕು ಇಳಿಯುತ್ತದೆ. ಆದ್ದರಿಂದ ತಗಡಿನ ಆಟಿಕೆಯ ತುಕ್ಕು ಎಲ್ಲೆಂದರಲ್ಲಿ ಹುಟ್ಟಿದ್ದಲ್ಲ. ಚಾವಿ ತಿರುಗಿಸುವಾಗ ಹೆಬ್ಬೆರಳು ಉಜ್ಜಿದ ಜಾಗ, ಎತ್ತಿಹಿಡಿದ ಸೊಂಟ, ನೆಲಕ್ಕೆ ಬಡಿದ ಮೂಲೆ, ಕಲ್ಲಿನ ಮೇಲೆ ಎಳೆದ ಪಾದ, ಅಲ್ಲೆಲ್ಲ ಮೊದಲು ತುಕ್ಕು ಕಾಣುತ್ತದೆ. ಅಂದರೆ ತುಕ್ಕು ಆ ಮಗು ಆಡಿದ ಆಟದ ನಕ್ಷೆ. ಅದನ್ನು ಉಜ್ಜಿ ಬಣ್ಣ ಬಳಿದರೆ ಮಗುವನ್ನು ಅಳಿಸಿದ ಹಾಗೆ ಎಂದು ಸಂಗ್ರಹಕಾರರು ಹೇಳಿದರೆ ನಾವು ಒಪ್ಪಲೇಬೇಕು. ವಸ್ತುವಿನ ವಯಸ್ಸಿಗೆ ಗೌರವ ಕೊಡುವುದು ಸಣ್ಣ ಗುಣವಲ್ಲ.

ಮರೆವು ಎಲ್ಲಿದೆಯೆಂದರೆ, ನಕ್ಷೆಯನ್ನು ಇಷ್ಟು ಪ್ರೀತಿಯಿಂದ ಕಾಯುವವರು ಆ ಊರಿನ ಹೆಸರು ಕೇಳುವುದಿಲ್ಲ. ಹರಾಜಿನ ಪಟ್ಟಿಗಳಲ್ಲಿ ಕಂಪನಿಯ ಹೆಸರಿದೆ, ವರ್ಷವಿದೆ, ಎತ್ತರವಿದೆ, ತುಕ್ಕಿನ ಪ್ರಮಾಣವಿದೆ. ಆಡಿದ ಮಗುವಿನ ಸುದ್ದಿಯಿಲ್ಲ. ನಾಲಗೆಗಳನ್ನು ಮಡಚಿ ಬೆರಳು ಕೊಯ್ದುಕೊಂಡ ಕೂಲಿಕಾರರ ಸುದ್ದಿಯಿಲ್ಲ. ಅದನ್ನು ಕರಗಿಸುವ ಕುಲುಮೆಗೆ ಹಾಕದೆ ಪಕ್ಕಕ್ಕಿಟ್ಟ ಗುಜರಿಯವನ ಸುದ್ದಿಯಂತೂ ಇಲ್ಲವೇ ಇಲ್ಲ. ತುಕ್ಕು ಉಳಿಯಿತು, ಕೈಗಳು ಹೋದವು. ಹೀಗೆ ಕೈಗಳಿಂದ ಬಿಡಿಸಿಕೊಂಡ ತುಕ್ಕು ಬರಿಯ ಬಣ್ಣವಾಗುತ್ತದೆ. ಬಣ್ಣವಾದ ಮೇಲೆ ಅದನ್ನು ಯಾರು ಬೇಕಾದರೂ ತಯಾರಿಸಬಹುದು. ಹೊಸ ತಗಡಿನ ಮೇಲೆ ಉಪ್ಪು, ಹುಳಿದ್ರಾವಣ ಸವರಿ ಒಂದು ವಾರದಲ್ಲಿ ಅರವತ್ತು ವರ್ಷದ ತುಕ್ಕು ಬರಿಸುವ ಕಲೆ ಇಂದು ಯಾರಿಗೂ ಗುಟ್ಟಲ್ಲ. ಅಂಥ ಮಾಲು ಮಾರುಕಟ್ಟೆಯಲ್ಲಿದೆ, ಕೊಳ್ಳುವವರೂ ಇದ್ದಾರೆ. ನಕಲಿಯ ಕಾಟದ ಬಗ್ಗೆ ಸಂಗ್ರಹಕಾರರು ದೂರುತ್ತಾರೆ. ವಸ್ತುವಿನ ಕಥೆಗೆ ಬೆಲೆ ಕೊಡದೆ ಮೇಲಿನ ಪದರಕ್ಕೆ ಮಾತ್ರ ಬೆಲೆ ಕೊಟ್ಟದ್ದರಿಂದಲೇ ನಕಲಿಗೆ ದಾರಿಯಾಯಿತು ಎಂಬುದನ್ನು ಅವರು ಕಾಣುವುದಿಲ್ಲ.

'ರೋಬೋ' ಎಂಬ ಪದವೇ ಇಲ್ಲಿ ನಮ್ಮನ್ನು ಎಚ್ಚರಿಸಬೇಕು. ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ 'ಆರ್.ಯು.ಆರ್.' ನಾಟಕದಿಂದ ಅದು ಜಗತ್ತಿಗೆ ಬಂತು. ಪದವನ್ನು ಸೂಚಿಸಿದವರು ಅವರ ಅಣ್ಣ ಯೋಸೆಫ್. ಅವರ ಭಾಷೆಯಲ್ಲಿ 'ರೊಬೊತಾ' ಎಂದರೆ ಜಮೀನುದಾರನಿಗೆ ಒಕ್ಕಲುಗಳು ಕೂಲಿಯಿಲ್ಲದೆ ಮಾಡಿಕೊಡಬೇಕಾಗಿದ್ದ ದುಡಿಮೆ. ನಮ್ಮ ಹಳ್ಳಿಗಳಲ್ಲಿ ಬಿಟ್ಟಿ ಚಾಕರಿ ಎನ್ನುತ್ತಿದ್ದುದು ಇದನ್ನೇ. ಬಿಟ್ಟಿ ದುಡಿಯುವವನ ಹೆಸರು ಹೊತ್ತ ಗೊಂಬೆಯನ್ನು, ಸೋತ ದೇಶದ ಅಗ್ಗದ ಕೂಲಿಯವರು ಮಾಡಿ ಕಳಿಸಿದರು. ಇಂದು ಅದು ಗಾಜಿನ ಕಪಾಟಿನಲ್ಲಿ ನಿಂತಿದೆ. ಅದರ ಮೈಮೇಲಿನ ತುಕ್ಕನ್ನು ನೋಡಿ ಸುಖಿಸುವಾಗ ದುಡಿಮೆಯ ನೆನಪು ಒಮ್ಮೆಯೂ ಬಾರದಿದ್ದರೆ ಆ ಸೌಂದರ್ಯಪ್ರಜ್ಞೆಯಲ್ಲಿ ಏನೋ ಕೊರತೆಯಿದೆ.

ಲೋಹ ಮತ್ತು ಕಾಲದ ಸಂಬಂಧವನ್ನು ನಮ್ಮ ನಾಡಿನ ಕಸುಬುದಾರರು ಹೇಗೆ ನೋಡಿದರು ಎಂಬುದನ್ನು ಇದಕ್ಕೆ ಎದುರಾಗಿ ಇಟ್ಟು ನೋಡಬಹುದು. ಕನ್ನಡದಲ್ಲಿ ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಕಿಲುಬು ಎಂದು ಬೇರೆ ಬೇರೆ ಪದಗಳಿವೆ. ಉತ್ತರ ಕರ್ನಾಟಕದಲ್ಲಿ ತುಕ್ಕಿಗೆ ಜಂಗು ಎಂದೂ ಹೇಳುವುದುಂಟು; ಫಾರಸಿಯಿಂದ ಉರ್ದುವಿಗೆ ಬಂದ 'ಜಂಗ್' ಪದವೂ ಅದೇ. ಇಷ್ಟು ಪದಗಳಿದ್ದರೂ ಯಾವುದಕ್ಕೂ ಹೊಗಳಿಕೆಯ ಅರ್ಥವಿಲ್ಲ. ಕಾರಣ ಸರಳ. ಪಾತ್ರೆಯಲ್ಲಿ ಉಣ್ಣುವವರಿಗೆ ಕಿಲುಬು ವಿಷ, ಕುಡಗೋಲು ಹಿಡಿಯುವವರಿಗೆ ತುಕ್ಕು ನಷ್ಟ. ಬಳಸುವವರು ಬೆಳಗುತ್ತಾರೆ. ಮೊಹರಮ್ಮಿಗೆ ಮೊದಲು ನಮ್ಮ ಹಳ್ಳಿಗಳಲ್ಲಿ ಪೆಟ್ಟಿಗೆಯಿಂದ ಪಂಜಾಗಳನ್ನು ಹೊರತೆಗೆದು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಾರೆ. ತಲೆತಲಾಂತರದ ಲೋಹ ಅದು. ಆದರೂ ಅದರ ಹಳಮೆ ಕಾಣಲಿ ಎಂದು ಯಾರೂ ಕಪ್ಪಾಗಿ ಬಿಡುವುದಿಲ್ಲ. ಹೊಳೆದರೇ ಅದು ಈ ವರ್ಷದ್ದು, ನಮ್ಮದು.

ಹಾಗೆಂದು ನಮ್ಮವರಿಗೆ ಕಪ್ಪಿನ ಚೆಲುವು ತಿಳಿದಿರಲಿಲ್ಲ ಎನ್ನುವಂತೆಯೂ ಇಲ್ಲ. ಬೀದರಿನ ಬಿದ್ರಿ ಕೆಲಸವನ್ನೇ ನೋಡಿ. ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ ಸೇರಿಸಿ ಪಾತ್ರೆ ಎರಕ ಹೊಯ್ದು, ಮೈ ಕೊರೆದು ಬೆಳ್ಳಿ ಕೂರಿಸಿದ ಮೇಲೆ, ಬೀದರ ಕೋಟೆಯೊಳಗಿನ ಮಣ್ಣು ಮತ್ತು ನವಸಾಗರ ಬೆರೆಸಿ ಕುದಿಸಿದ ನೀರಿನಲ್ಲಿ ಅದ್ದುತ್ತಾರೆ. ಸತುವಿನ ಮೈ ಗಾಢ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಸಂಗ್ರಹಕಾರರು ಪ್ಯಾಟಿನಾ ಎನ್ನುವುದನ್ನೇ ಬೀದರಿನ ಕಸುಬುದಾರರು ತಮ್ಮ ಕೈಯಾರೆ ತರಿಸುತ್ತಾರೆ. ಆದರೆ ಅದು ಹಳೆಯದರ ಸೋಗಲ್ಲ, ಬೆಳ್ಳಿಯ ಹೂಬಳ್ಳಿ ಕಾಣಿಸಲೆಂದು ಬಂದ ಕಪ್ಪು. ಕಲಾಯಿಗಾರ ಪಾತ್ರೆ ಬೆಳಗಿಸಲು ಬಳಸುವ ನವಸಾಗರವನ್ನೇ ಬಿದ್ರಿಯವರು ಪಾತ್ರೆ ಕಪ್ಪಾಗಿಸಲು ಬಳಸುತ್ತಾರೆ. ಒಂದೇ ವಸ್ತು, ಎರಡು ವಿದ್ಯೆ. ಎರಡರಲ್ಲೂ ತಲೆಮಾರುಗಳಿಂದ ತೊಡಗಿಕೊಂಡವರಲ್ಲಿ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಸಿಕ್ಕಿತು. ಬಿದ್ರಿ ಕಲಾವಿದ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಕಲಾಯಿಗಾರರಿಗೆ ಸ್ಟೀಲಿನ ಪಾತ್ರೆ ಬಂತು, ಕೆಲಸ ಹೋಯಿತು. ಓಣಿಯಲ್ಲಿ ಅವರ ಕೂಗೂ ನಿಂತುಹೋಯಿತು.

ಯಂತ್ರದ ಗೊಂಬೆಯೂ ನಮಗೆ ಹೊರಗಿನದಲ್ಲ. ದಿಯಾರ್‌ಬಕಿರಿನ ಅರ್ತುಕ್ ಅರಸರ ಆಸ್ಥಾನದಲ್ಲಿದ್ದ ಅಲ್ ಜಝರಿ 1206ರಲ್ಲಿ ಮುಗಿಸಿದ ಗ್ರಂಥದಲ್ಲಿ ಕೈತೊಳೆಯಲು ನೀರು ಹಾಕುವ ಸೇವಕನ ಗೊಂಬೆಯಿದೆ, ದೋಣಿಯಲ್ಲಿ ಕೂತು ವಾದ್ಯ ನುಡಿಸುವ ಗೊಂಬೆಗಳಿವೆ, ಆನೆಯ ಗಡಿಯಾರವಿದೆ. ಆ ಗ್ರಂಥದ ದೊಡ್ಡತನ ಗೊಂಬೆಗಳಲ್ಲಷ್ಟೇ ಇಲ್ಲ. ಯಾವ ಲೋಹ, ಎಷ್ಟು ಅಳತೆ, ಹೇಗೆ ಜೋಡಣೆ ಎಂಬುದನ್ನು ಮುಂದೆ ಬರುವ ಕಸುಬುದಾರನೊಬ್ಬ ಓದಿ ಮತ್ತೆ ಮಾಡಬಹುದಾದಷ್ಟು ವಿವರವಾಗಿ ಅವರು ಬರೆದರು. ಅಲ್ ಜಝರಿ ಮಾಡುವವರಿಗಾಗಿ ಬರೆದರೆ ಇಂದಿನ ಹರಾಜಿನ ಪಟ್ಟಿಗಳು ಕೊಳ್ಳುವವರಿಗಾಗಿ ಬರೆದವು.

ಕರ್ನಾಟಕದಿಂದ ಹೊರಗೆ ಹೋದ ಯಂತ್ರದ ಗೊಂಬೆಗಳಲ್ಲಿ ಅತ್ಯಂತ ಹೆಸರಾದದ್ದು ಟಿಪ್ಪುವಿನ ಹುಲಿ. ಸುಮಾರು ಐದೂವರೆ ಅಡಿ ಉದ್ದದ ಮರದ ಹುಲಿ ಐರೋಪ್ಯನೊಬ್ಬನ ಮೇಲೆ ಎರಗಿದೆ. ಹಿಡಿಕೆ ತಿರುಗಿಸಿದರೆ ಅವನ ಕೈ ಮೇಲೆ ಕೆಳಗೆ ಆಡುತ್ತದೆ, ನರಳುವ ದನಿಯೂ ಗರ್ಜನೆಯೂ ಕೇಳುತ್ತವೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಕಂಪನಿಯ ಕೈಸೇರಿತು. 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ ಪ್ರದರ್ಶನಕ್ಕಿತ್ತು. ನೋಡಲು ಬಂದವರೆಲ್ಲ ಹಿಡಿಕೆ ತಿರುಗಿಸುತ್ತಿದ್ದರಿಂದ ಅಲ್ಲಿನ ಗ್ರಂಥಾಲಯದಲ್ಲಿ ಓದುವವರಿಗೆ ಗಲಾಟೆಯಾಗುತ್ತಿತ್ತಂತೆ. ಆಮೇಲೆ ಹಿಡಿಕೆಯೇ ಕಾಣೆಯಾಯಿತು. 1880ರಿಂದ ಅದು ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಜಿಯಮ್ಮಿನಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಕಟ್ಟಡಕ್ಕೆ ಬಾಂಬು ಬಿದ್ದಾಗ ಒಡೆದು, ಮತ್ತೆ ಜೋಡಿಸಲ್ಪಟ್ಟು ಈಗ ಗಾಜಿನೊಳಗೆ ಮೌನವಾಗಿ ನಿಂತಿದೆ. ಅದರ ಚರಿತ್ರೆ ಬರೆದವರು ಟಿಪ್ಪುವಿನ ಬಗ್ಗೆ ಬರೆದಿದ್ದಾರೆ, ಕಂಪನಿಯ ಬಗ್ಗೆ ಬರೆದಿದ್ದಾರೆ. ಮರ ಕೆತ್ತಿದ, ಬಣ್ಣ ಹಚ್ಚಿದ ಕೈಗಳ ಹೆಸರು ಎಲ್ಲೂ ಉಳಿದಿಲ್ಲ. ಸಾವಿರ ಕಣ್ಣುಗಳು ಕಾಯುತ್ತಿರುವ ವಸ್ತುವಿಗೇ ಈ ಗತಿಯಾದರೆ ಬೇವೂರಿನ ತಗಡಿನ ಮೋಟಾರಿನ ಪಾಡೇನು!

ಇದರ ಪಕ್ಕದಲ್ಲಿ ಚನ್ನಪಟ್ಟಣವನ್ನು ಇಟ್ಟು ನೋಡಬೇಕು. ಅಲ್ಲಿನ ಅರಗಿನ ಬಣ್ಣದ ಮರದ ಗೊಂಬೆಗಳ ಚರಿತ್ರೆಯಲ್ಲಿ ಬಾವಾಸ್ ಮಿಯಾನ್ ಎಂಬ ಹೆಸರು ಉಳಿದಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜಪಾನಿನ ಅರಗುಬಣ್ಣದ ವಿಧಾನವನ್ನು ಅಭ್ಯಾಸ ಮಾಡಿ ಊರಿನ ಕಸುಬುದಾರರಿಗೆ ಕಲಿಸಿದವರು ಅವರು. ಜಪಾನಿನ ವಿದ್ಯೆ, ಮುಸ್ಲಿಂ ಕಸುಬುದಾರ, ಕನ್ನಡದ ಊರು, ಎಲ್ಲ ಜಾತಿಯ ಮಕ್ಕಳ ಆಟ. ಆ ಹೆಸರು ಉಳಿದದ್ದು ಯಾವ ಮ್ಯೂಜಿಯಮ್ಮಿನಿಂದಲೂ ಅಲ್ಲ. ಕಲಿತವರು ಕಲಿಸಿದವರನ್ನು ಮರೆಯದೆ ಇದ್ದುದರಿಂದ. ಕೆಲಸ ನಡೆಯುತ್ತಿರುವ ಊರಿನಲ್ಲಿ ಹೆಸರು ಉಳಿಯುತ್ತದೆ, ಕೆಲಸ ನಿಂತಲ್ಲಿ ತುಕ್ಕು ಮಾತ್ರ ಉಳಿಯುತ್ತದೆ.

ಇಷ್ಟು ಹೇಳಿ ಸಂಗ್ರಹಕಾರರನ್ನು ಮಾತ್ರ ದೂರಿ ಕೂರುವುದು ನ್ಯಾಯವಲ್ಲ. ಅವರಿಲ್ಲದಿದ್ದರೆ ಎಷ್ಟೋ ವಸ್ತುಗಳು ಕುಲುಮೆ ಸೇರುತ್ತಿದ್ದವು. ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. ಮುಧೋಳ ಅರಮನೆಯ ದರ್ಬಾರ್ ಹಾಲನ್ನು ಇಂದು ನೋಡಬೇಕೆಂದರೆ ಮಣಿಪಾಲಕ್ಕೆ ಹೋಗಬೇಕು. ವಿಜಯನಾಥ ಶೆಣೈ ಅವರು ಅದನ್ನು ಅಲ್ಲಿನ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಅಲ್ಲೇ ಹಳೆಯ ಬಜಾರಿನ ಅಂಗಡಿಗಳನ್ನೂ ಅವುಗಳ ಸಾಮಾನಿನ ಸಮೇತ ಜೋಡಿಸಿದ್ದಾರೆ. 2017ರಲ್ಲಿ ತೀರಿಕೊಂಡ ಶೆಣೈಯವರು ಇದಕ್ಕಾಗಿ ಬದುಕನ್ನೇ ಸವೆಸಿದರು. ಅದೇ ಹೊತ್ತಿನಲ್ಲಿ ಬಾಗಲಕೋಟೆ ಏನು ಮಾಡಿತು? 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಹಳೇ ಬಾಗಲಕೋಟೆಯ ಓಣಿಗಳಿಗೆ ಬಂದಾಗ, ಜನ ಮನೆ ಬಿಚ್ಚಿ ನವನಗರಕ್ಕೆ ಹೋದರು. ಕೆತ್ತನೆಯ ಬಾಗಿಲು, ಕಂಬ, ತೊಲೆ, ಹಂಡೆ, ಕಪಾಟುಗಳು ಸಿಕ್ಕ ಬೆಲೆಗೆ ಹೋದವು. ಮುಳುಗಡೆಯಾದವರಿಗೆ ಅಂದು ಪರಿಹಾರದ ಚೀಟಿ ಮುಖ್ಯವಾಗಿತ್ತು, ಬಾಗಿಲಿನ ಕೆತ್ತನೆಯಲ್ಲ. ಅವರನ್ನು ದೂರುವ ಹಕ್ಕು ನಮಗಿಲ್ಲ. ಆದರೆ ಯಾವ ಬಾಗಿಲು ಯಾವ ಓಣಿಯದು, ಯಾವ ಬಡಿಗೇರರ ಕೆಲಸ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರೆ ಅದಕ್ಕೆ ದುಡ್ಡು ಬೇಕಿರಲಿಲ್ಲ.

ನಮ್ಮ ಸಮುದಾಯದ ಮಾತನ್ನೂ ಇಲ್ಲಿ ಆಡಲೇಬೇಕು. ಹಳ್ಳಿಗಳ ಹಳೆಯ ಮಸೀದಿ, ದರ್ಗಾಗಳಲ್ಲಿ ಮರದ ಮಿಂಬರು, ಗಾಜಿನ ಹಂಡಿದೀಪ, ಕಬ್ಬಿಣದ ಚಿತ್ತಾರದ ಕಿಟಕಿಗಳಿದ್ದವು. ನಾಲ್ಕು ಕಾಸು ಕೂಡಿದೊಡನೆ ನಾವು ಮಾಡಿದ ಮೊದಲ ಕೆಲಸ ಅವನ್ನೆಲ್ಲ ಕಿತ್ತು ಟೈಲ್ಸ್ ಹಾಕಿಸಿದ್ದು. ಕಿತ್ತದ್ದು ಹೋದದ್ದು ಗುಜರಿಗೆ. ಅಲ್ಲಿಂದ ಅದೇ ದೀಪ ನಗರದ ಹೋಟೆಲಿನ ಛಾವಣಿಗೆ ಹೋಗಿ ತೂಗಿದಾಗ ನಮಗೆ ಅಚ್ಚರಿಯಾಗುತ್ತದೆ. ಹಳೆಯದನ್ನು ಬಡತನದ ಗುರುತೆಂದು ನಾಚಿಕೊಳ್ಳುವವರು ಒಂದು ಕಡೆ, ಬಡತನದ ಗುರುತನ್ನೇ ಅಲಂಕಾರವೆಂದು ಕೊಳ್ಳುವವರು ಇನ್ನೊಂದು ಕಡೆ. ನಡುವೆ ಗಾಡಿ ತಳ್ಳುವವರು ಮಾತ್ರ ಬದಲಾಗಿಲ್ಲ.

ಆ ಗಾಡಿಯವರನ್ನು ನಮ್ಮ ಸಾರ್ವಜನಿಕ ಭಾಷೆ ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ಓದುಗರಿಗೆ ಗೊತ್ತಿದೆ. 'ಗುಜರಿ', 'ಪಂಕ್ಚರ್' ಎಂಬ ಪದಗಳು ರಾಜಕೀಯ ಭಾಷಣಗಳಲ್ಲಿ ಮುಸ್ಲಿಮರನ್ನು ಹೀಯಾಳಿಸುವ ಬೈಗುಳಗಳಾಗಿವೆ. ಮುರಿದದ್ದನ್ನು ಸರಿಪಡಿಸುವುದು, ಎಸೆದದ್ದನ್ನು ಮತ್ತೆ ಬಳಕೆಗೆ ತರುವುದು ಅವಮಾನದ ಕೆಲಸವಾದದ್ದು ಯಾವಾಗ? ಕೂಡಲಸಂಗಮ ಇರುವ ಜಿಲ್ಲೆಯಲ್ಲಿ, ಕಾಯಕಕ್ಕೆ ಮೇಲುಕೀಳಿಲ್ಲವೆಂದು ಸಾರಿದ ಶರಣರ ನೆಲದಲ್ಲಿ ನಿಂತು ಈ ಪ್ರಶ್ನೆ ಕೇಳಬೇಕಾಗಿ ಬಂದಿರುವುದು ವಿಷಾದದ ಸಂಗತಿ. ತುಕ್ಕು ಹಿಡಿದ ವಸ್ತುವಿಗೆ 'ವಿಂಟೇಜ್' ಎಂಬ ಮರ್ಯಾದೆ, ಅದನ್ನು ಕೈಯಾರೆ ಆಯ್ದು ತಂದವರಿಗೆ 'ಗುಜರಿ' ಎಂಬ ಬೈಗುಳ. ತುಕ್ಕಿನ ಸೌಂದರ್ಯಶಾಸ್ತ್ರ ಬರೆಯುವವರು ಈ ಒಂದು ವಾಕ್ಯಕ್ಕೆ ಉತ್ತರ ಹೇಳಿ ಮುಂದೆ ಹೋಗಬೇಕು.

ತುಕ್ಕು ಎಂದೊಡನೆ ಮಸೀದಿಯ ಪ್ರವಚನಗಳಲ್ಲಿ ಪದೇ ಪದೇ ಕೇಳಿಬರುವ ಮಾತೊಂದು ನೆನಪಾಗುತ್ತದೆ: ಕಬ್ಬಿಣಕ್ಕೆ ಹಿಡಿಯುವಂತೆ ಹೃದಯಕ್ಕೂ ತುಕ್ಕು ಹಿಡಿಯುತ್ತದೆ, ಅದನ್ನು ಬೆಳಗುತ್ತಿರಬೇಕು ಎಂಬುದು. ಲೋಹವನ್ನು ಉಜ್ಜಿ ಕನ್ನಡಿ ಮಾಡುತ್ತಿದ್ದ ಕಾಲದ ಸೂಫಿಗಳಿಗೆ ಈ ಉಪಮೆ ಬಹಳ ಪ್ರಿಯವಾಗಿತ್ತು. ಮೌಲಾನಾ ರೂಮಿಯವರ ಮಸ್ನವಿಯಲ್ಲಿ ಚಿತ್ರ ಬರೆಯುವ ಪಂದ್ಯದಲ್ಲಿ ಒಂದು ತಂಡ ಬಣ್ಣವನ್ನೇ ಮುಟ್ಟದೆ ಗೋಡೆಯನ್ನು ಉಜ್ಜಿ ಉಜ್ಜಿ ಕನ್ನಡಿಯಾಗಿಸಿ ಗೆಲ್ಲುವ ಕಥೆಯಿದೆ. ಪವಿತ್ರ ಕುರ್‌ಆನಿನ 83ನೇ ಅಧ್ಯಾಯದ 14ನೇ ಸೂಕ್ತವು ಜನರ ಗಳಿಕೆಯೇ ಅವರ ಹೃದಯಗಳ ಮೇಲೆ ಕವಿಯುವುದರ ಬಗ್ಗೆ ಹೇಳುತ್ತದೆ; ವ್ಯಾಖ್ಯಾನಕಾರರು ಅದನ್ನು ತುಕ್ಕು ಎಂದೇ ವಿವರಿಸಿದ್ದಾರೆ. ನಮ್ಮನ್ನು ತಡೆದು ನಿಲ್ಲಿಸಿದ್ದು ಆ ಅಧ್ಯಾಯದ ಹೆಸರು. ಅದು 'ಅಲ್ ಮುತಫ್ಫಿಫೀನ್', ಅಂದರೆ ಅಳತೆ ತೂಕಗಳಲ್ಲಿ ಮೋಸ ಮಾಡುವವರು. ತಾವು ಪಡೆಯುವಾಗ ತುಂಬ ಅಳೆದುಕೊಂಡು ಇತರರಿಗೆ ಕೊಡುವಾಗ ಕಡಿಮೆ ತೂಗುವವರ ವಿನಾಶವನ್ನು ಹೇಳುವುದರಿಂದಲೇ ಅಧ್ಯಾಯ ಆರಂಭವಾಗುತ್ತದೆ. ತಕ್ಕಡಿ ಮತ್ತು ತುಕ್ಕು ಒಂದೇ ಅಧ್ಯಾಯದಲ್ಲಿ ಬಂದಿವೆ. ಕಿಲೋ ಲೆಕ್ಕದಲ್ಲಿ ಕೊಂಡು ವಯಸ್ಸಿನ ಲೆಕ್ಕದಲ್ಲಿ ಮಾರುವ ವ್ಯಾಪಾರಕ್ಕೆ ಇದಕ್ಕಿಂತ ಹತ್ತಿರದ ವಿಮರ್ಶೆ ನಮಗೆ ಸಿಕ್ಕಿಲ್ಲ.

ಹಾಗಾದರೆ ತುಕ್ಕು ಹಿಡಿದ ಆಟಿಕೆಗಳನ್ನು ಸಂಗ್ರಹಿಸಬಾರದೇ? ಖಂಡಿತ ಸಂಗ್ರಹಿಸಬೇಕು. ಮಾಡಿಕೊಳ್ಳುವ ಮನವಿ ಇಷ್ಟೇ: ವಸ್ತುವಿನ ಜೊತೆಗೆ ಅದರ ಸುದ್ದಿಯನ್ನೂ ಸಂಗ್ರಹಿಸಿ. ಎಲ್ಲಿಂದ ಬಂತು, ಯಾರ ಮನೆಯದು, ಯಾರು ಆಡಿದರು, ಯಾರು ಆಯ್ದು ತಂದರು. ತಂದವರಿಗೆ ತೂಕದ ಬೆಲೆಯ ಬದಲು ವಸ್ತುವಿನ ಬೆಲೆ ಕೊಡಿ. ತುಕ್ಕನ್ನು ಉಜ್ಜಬೇಡಿ, ಆದರೆ ಅದರ ಪಕ್ಕದಲ್ಲಿ ಒಂದು ಹೆಸರನ್ನು ಬರೆಯಿರಿ. ನಮ್ಮ ಶಾಲೆಗಳ ಮಕ್ಕಳು ತಮ್ಮ ಊರಿನ ಕಲಾಯಿಗಾರರು, ಟ್ರಂಕು ಮಾಡುವವರು, ಎಣ್ಣೆ ಡಬ್ಬಿಯಿಂದ ಚಿಮಣಿ ಮಾಡುತ್ತಿದ್ದವರು ಯಾರ್‍ಯಾರಿದ್ದರು ಎಂದು ಅಜ್ಜ ಅಜ್ಜಿಯರನ್ನು ಕೇ��ಿ ಒಂದು ನೋಟ್‌ಬುಕ್ಕಿನಲ್ಲಿ ಬರೆದರೂ ಸಾಕು, ಅದು ಯಾವ ಕಪಾಟಿಗಿಂತಲೂ ದೊಡ್ಡ ಸಂಗ್ರಹವಾಗುತ್ತದೆ.

ಇದು ಆಗದ ಮಾತಲ್ಲ ಎಂದು ನಮಗೆ ತೋರಿಸಿಕೊಟ್ಟವರು ಬೇವೂರಿನ ಆ ಗಾಡಿಯವರೇ. ಅವರು ಹೊರಟಾಗ ನಾವು ಸ್ವಲ್ಪ ದೂರ ಜೊತೆಗೆ ನಡೆದೆವು. ತಗಡಿನ ಮೋಟಾರು ಗಾಡಿಯ ಹಿಡಿಕೆಗೆ ದಾರದಿಂದ ಕಟ್ಟಿಸಿಕೊಂಡು ತೂಗಾಡುತ್ತಿತ್ತು. ಅದನ್ನು ಏಕೆ ತೂಕಕ್ಕೆ ಹಾಕಲಿಲ್ಲ ಎಂದು ಕೇಳಿದೆವು.

'ಬನಶಂಕರಿ ಜಾತ್ರ್ಯಾಗ ತಂದದ್ದಂತ್ರೀ, ಅವರ ಹಿರೇಮಗಾ ಸಣ್ಣಾಂವ ಇದ್ದಾಗ. ಈಗ ಅಂವ ಮಂಗಳೂರ ಕಡೆ ದುಡಿಯಾಕ ಹೋಗ್ಯಾನ. ಇದನ್ನ ಹಾಂಗ ಹೆಂಗ ಒಡೀಲಿ? ನಮ್ಮ ಮೊಮ್ಮಗಗ ಒಂದ್ ನಾಕ್ ದಿನಾ ಆಗತೈತಿ' ಎಂದರು.

ಮೂರು ನಿಮಿಷದ ವ್ಯವಹಾರದಲ್ಲಿ ಅವರು ಅಷ್ಟನ್ನೂ ಕೇಳಿ ತಿಳಿದುಕೊಂಡಿದ್ದರು. ಎಲ್ಲೂ ಬರೆದಿಡಲಿಲ್ಲ, ಅಷ್ಟೇ.